ಚೀಟಿಯಲ್ಲಿ ಇದ್ದದ್ದೆಲ್ಲ

ಆ ಹೆಣ್ಣುಮಗಳು ಮೊದಲ ಸಲ ಅಂಗಡಿಗೆ ಬಂದಾಗ ನಾನು ಅವರನ್ನು ಗಿರಾಕಿ ಎಂದೇ ತಿಳಿದಿದ್ದೆ. ಹೆಗಲಿಗೆ ಚೀಲವಿತ್ತು. ಕಣ್ಣು ಸ್ಟೀಲ್ ಪಾತ್ರೆಗಳ ಕಪಾಟಿನ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ನಿಧಾನವಾಗಿ ಇಳಿಯುತ್ತಿತ್ತು. ಹಾಗೆ ನೋಡುವವರು ಖರೀದಿಗೆ ಬಂದವರು. ಬರೀ ದರ ಕೇಳಿ ಹೋಗುವವರು ಒಂದೇ ಭಾಂಡೆಯ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಈ ಲೆಕ್ಕ ತಪ್ಪಿದ್ದು ಕಡಿಮೆ.

"ಕುಂದರ್ರಿ ಬಾಯಾರ, ಏನ ತೋರಸಲಿ?" ಎಂದೆ.

"ಭಾಂಡೆ ತಗೊಳ್ಳಾಕ ಬಂದಿಲ್ರಿ ಅಕ್ಕಾರ. ನಿಮಗ ಒಬ್ಬರು ಕೆಲಸದವರನ್ನ ಕೊಡಾಕ ಬಂದೇನಿ."

ಬೆಳಗಾವಿಯ ಒಂದು ಸಂಸ್ಥೆಯವರಂತೆ. ಅಂಗವಿಕಲರಿಗೆ ಹೊರಗಿನ ಅಂಗಡಿ, ಹೋಟೆಲು, ಕಾರ್ಖಾನೆಗಳಲ್ಲಿ ಕೆಲಸ ಹುಡುಕಿ, ಅದನ್ನು ಕಲಿಯುವವರೆಗೆ ಜೊತೆಗೆ ನಿಲ್ಲುವುದು ಇವರ ಉದ್ಯೋಗ. ಜಾಬ್ ಕೋಚ್ ಎನ್ನುತ್ತಾರಂತೆ. ಈಗ ತಂದಿದ್ದು ನಮ್ಮ ಖಾನಾಪುರದವರೇ ಆದ ಗಂಡಸೊಬ್ಬರ ಮಾತು. ವಯಸ್ಸು ಮೂವತ್ತಾರು, ಬುದ್ಧಿಯ ಬೆಳವಣಿಗೆ ನಿಧಾನ, ಓದು ಬರಹ ಬಾರದು. ಅಕ್ಕನ ಮನೆಯಲ್ಲಿದ್ದಾರೆ, ಅಕ್ಕ ಸಾಲಿಯಲ್ಲಿ ಬಿಸಿಯೂಟ ಮಾಡುತ್ತಾಳೆ.

ನಾನು ಕೇಳಬೇಕಾದ್ದನ್ನೇ ಕೇಳಿದೆ. "ಸರಕಾರದಿಂದ ನನಗೇನರ ಸಿಗತೈತೇನ್ರಿ?"

"ಇಲ್ರಿ."

"ನಿಮ್ಮ ಸಂಸ್ಥೆಯಿಂದ?"

"ಅದೂ ಇಲ್ರಿ. ಪಗಾರ ನೀವ ಕೊಡಬೇಕು, ಬ್ಯಾರೇದವರಿಗೆ ಕೊಟ್ಟಷ್ಟ."

"ಹಂಗಾರ ನನಗೇನ ಲಾಭ?"

"ಕೆಲಸ ಆಗತೈತಿ," ಎಂದರು ಅವರು.

ಆ ಉತ್ತರ ನನಗೆ ಹಿಡಿಸಿತು. ಪುಣ್ಯ ಬರುತ್ತದೆ, ದೇವರು ಮೆಚ್ಚುತ್ತಾನೆ ಎಂದು ಶುರು ಮಾಡಿದ್ದರೆ ಕೈಗೆ ಏನಾದರೂ ಕೊಟ್ಟು, ನಮಸ್ಕಾರ ಹೇಳಿ ಕಳಿಸಿಬಿಡುತ್ತಿದ್ದೆ. ವ್ಯಾಪಾರದ ಮಾತಾಡುವವರ ಜೊತೆ ನಾನು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ. ಬುಟ್ಟಿಯಲ್ಲಿ ಸ್ಟೀಲ್ ಭಾಂಡೆ ಹೊತ್ತು, ಈ ತಾಲ್ಲೂಕಿನ ಹಳ್ಳಿ ಹಳ್ಳಿ ತಿರುಗಿ, ಹಳೆಯ ಸೀರೆಗೆ ಭಾಂಡೆ ಕೊಡುತ್ತಿದ್ದವಳು ನಾನು. ಒಂದು ಪುಟ್ಟ ಬಟ್ಟಲಿಗಾಗಿ ಮಧ್ಯಾಹ್ನವಿಡೀ ಕಟ್ಟೆಯ ಮೇಲೆ ಕೂತು ಜಗ್ಗಾಡಿದ್ದೇನೆ. ಆ ಬುಟ್ಟಿಯಿಂದಲೇ ಈ ಅಂಗಡಿ ಎದ್ದದ್ದು.

ಕಲಿಯುವ ಮೂರು ತಿಂಗಳು ಪಗಾರ ಬೇಡ ಎಂದು ಮೊದಲ ಮಾತು ಇಟ್ಟೆ.

"ಬೆಳಗಾವ್ಯಾಗ ಒಂದ ಖೋಲ್ಯಾಗ ಕುಂತು, ಕಾಗದದ ಚೀಲ ಮಡಚಿಗೋಂತ, ಹನ್ನೊಂದ ವರ್ಷ ತರಬೇತಿ ಅಂತ ಕಲತಾರ್ರಿ. ಪಗಾರಿಲ್ಲದ ಕಲಿಯೂದು ಅಷ್ಟ ಸಾಕು," ಎಂದರು. ಧ್ವನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

ಕೊನೆಗೆ ಕುದುರಿದ್ದು ಹೀಗೆ: ಪಗಾರ ಮೊದಲ ದಿನದಿಂದ. ಮೊದಲ ತಿಂಗಳು ಈ ಬಾಯಾರು ದಿನಾಲೂ ಬಂದು ಅವರ ಜೊತೆ ನಿಲ್ಲಬೇಕು, ಆಮೇಲೆ ವಾರಕ್ಕೊಮ್ಮೆ. ಮೂರು ತಿಂಗಳ ಕೊನೆಗೆ ಇಟ್ಟುಕೊಳ್ಳುವುದೋ ಬಿಡುವುದೋ ನನ್ನ ಇಷ್ಟ. ಬಿಟ್ಟರೆ ಅವರು ಮತ್ತೆ ಆ ಖೋಲಿಗೆ, ಕಾಗದದ ಚೀಲಕ್ಕೆ. ಇಷ್ಟಾದ ಮೇಲೆ ನಾನು ಇನ್ನೊಂದು ಸೇರಿಸಿದೆ: "ಸುಮ್ನ ನಿಂತ್ರ ನಡಿಯಂಗಿಲ್ರಿ ಬಾಯಾರ, ನೀವೂ ಭಾಂಡೆ ಒರಸಬೇಕು." ನಕ್ಕು ಒಪ್ಪಿದರು.

ನನ್ನ ಯಜಮಾನರು ನಿವೃತ್ತ ಬಸ್ ಕಂಡಕ್ಟರ್. ಮೂಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತು ಎಲ್ಲ ಕೇಳಿಸಿಕೊಂಡಿದ್ದರು. ಬಾಯಾರು ಹೋದ ಮೇಲೆ, "ಒಂದ ಟಿಕೀಟಿನ್ಯಾಗ ಇಬ್ಬರನ್ನ ಹತ್ತಿಸಿಕೊಂಡಿ," ಎಂದರು.

ಕೆಲಸದವರಿಗಿಂತ ಮೊದಲು ಬಾಯಾರೇ ಎರಡು ದಿನ ಬಂದು ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಯಾವ ಹೊತ್ತಿಗೆ ಮಾಲು ಬಿಚ್ಚುತ್ತೇವೆ, ಯಾವ ತಾಟು ಯಾವುದರ ಮೇಲೆ ಇಡುತ್ತೇವೆ, ನಾನು ದಿನಕ್ಕೆ ಎಷ್ಟು ಸಲ ಏಣಿ ಹತ್ತುತ್ತೇನೆ ಎಂದೆಲ್ಲ ಬರೆದುಕೊಂಡರು. ನನ್ನ ಅಂಗಡಿಯನ್ನು ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆಳು ಬೇಕಿಲ್ಲ ಎಂದುಕೊಂಡಿದ್ದವಳಿಗೆ ಒಬ್ಬರ ತುಂಬು ದಿನದ ಕೆಲಸ ಕಾಗದದ ಮೇಲೆ ಕಾಣಿಸಿತು. ಅಂಗಡಿಕಾರರಿಗೆ ನಾನು ಹೇಳುವುದು ಇಷ್ಟೇ: ಇಂಥವರು ಬಂದು ಎರಡು ದಿನ ಕೂರುತ್ತೇನೆ ಎಂದರೆ ಬೇಡ ಅನ್ನಬೇಡಿ. ಆಳನ್ನು ಇಟ್ಟುಕೊಳ್ಳದಿದ್ದರೂ ಆ ಕಾಗದವನ್ನು ಮಾತ್ರ ಇಸಿದುಕೊಳ್ಳಿ.

ಮೂರನೆಯ ದಿನ ಅವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹತ್ತಿರ ನೆರೆತ ಕೂದಲು, ಕೈಯಲ್ಲಿ ಊಟದ ಡಬ್ಬಿಯ ಚೀಲ. ನಾನು ರೂಢಿಯಂತೆ, "ಬಾರೋ ತಮ್ಮಾ," ಎಂದೆ. ಬಾಯಾರು ನನ್ನ ಪಕ್ಕಕ್ಕೆ ಬಂದು ಸಣ್ಣಗೆ, "ಬರ್ರಿ ಅನ್ರಿ ಅಕ್ಕಾರ. ಊರ ಮಂದಿಯೆಲ್ಲಾ ಇನ್ನೂ ಸಣ್ಣ ಹುಡುಗಗ ಅಂದಂಗ ಅಂತಾರ," ಎಂದರು. ಬರ್ರಿ ಅನ್ನುವುದಕ್ಕೆ ಖರ್ಚಿಲ್ಲವಲ್ಲ, ಅಂದೆ. ಆ ಹೊಸ ಕೆಲಸದವರು ನನ್ನನ್ನು ನೋಡಿ, "ಡ್ಯೂಟಿ ಎಲ್ಲಿರಿ ಕಾಕೂ?" ಎಂದು ಕೇಳಿದರು. ಕೆಲಸ ಎಂಬ ಮಾತನ್ನು ಅವರು ಎಂದೂ ಬಳಸಿದ್ದಿಲ್ಲ. ಅಂಗಡಿಯ ಬಾಗಿಲು ದಾಟಿದರೆ ಡ್ಯೂಟಿ ಶುರು, ಚೀಲ ಹೆಗಲಿಗೇರಿಸಿದರೆ ಡ್ಯೂಟಿ ಮುಗಿಯಿತು.

ಒರೆಸುವುದು, ಅಳತೆಯ ಪ್ರಕಾರ ಪೇರಿಸುವುದು, ಕಾಗದ ಸುತ್ತಿ ಕಟ್ಟುವುದು ಎಲ್ಲ ತಿಂಗಳೊಳಗೆ ಕೂತಿತು. ಆದರೆ ಅವರೊಡನೆ ಮಾತಾಡುವುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು. "ಸ್ವಲ್ಪ ತಾಟು ತರ್ರಿ" ಎಂದರೆ ನಿಂತಲ್ಲೇ ನಿಲ್ಲುತ್ತಿದ್ದರು. "ಆರು ತಾಟು" ಎಂದರೆ ಬೆರಳು ಮಡಚಿ ಎಣಿಸಿ ಆರು ತರುತ್ತಿದ್ದರು, ನೆಗ್ಗಿದ್ದಿದ್ದರೆ ಅದನ್ನು ಬಿಟ್ಟು. ಆಮೇಲೆ ನಾನು ಎಲ್ಲರಿಗೂ ಹಾಗೇ ಹೇಳತೊಡಗಿದೆ. ಬೆಳಗಾವಿಯ ಸಗಟು ಅಂಗಡಿಯವನಿಗೂ ಕೂಡ, ಅವನಿಂದ ತಪ್ಪು ಮಾಲು ಬರುವುದು ಅಂದಿನಿಂದ ಕಡಿಮೆಯಾಗಿದೆ.

ಹೆಸರು ಕೊರೆಯುವುದು ಬಾಯಾರ ಕಾಗದದಲ್ಲಿ ಇರಲಿಲ್ಲ. ನಮ್ಮ ಕಡೆ ಮದುವೆ, ಗೃಹಪ್ರವೇಶಕ್ಕೆ ಭಾಂಡೆ ಕೊಟ್ಟರೆ ಅದರ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಇಲ್ಲದಿದ್ದರೆ ಕೊಟ್ಟೂ ಕೊಡದಂತೆ. ಆ ಪುಟ್ಟ ಮಷೀನನ್ನು ನಾನೇ ಹಿಡಿಯುತ್ತಿದ್ದೆ, ಕಣ್ಣು ಮಂಜಾದಂತೆ ಅಕ್ಷರವೂ ಸೊಟ್ಟಗಾಗುತ್ತಿತ್ತು. ಅದು ಟರ್ರೆಂದಾಗಲೆಲ್ಲ ಅವರು ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ಬಂದು ನಿಲ್ಲುವರು. ಒಂದು ದಿನ ಬೇಸರಕ್ಕೆ, ನೆಗ್ಗಿದ ಒಂದು ಮುಚ್ಚಳ ಕೊಟ್ಟು "ಹಿಡೀರಿ ನೋಡೂಣು" ಎಂದೆ. ಪಕ್ಕದ ರಟ್ಟಿನ ಡಬ್ಬದ ಮೇಲೆ ಕಂಪನಿಯ ಕಮಲದ ಗುರುತಿತ್ತು. ಸ್ವಲ್ಪ ಹೊತ್ತಿನಲ್ಲಿ ಆ ಕಮಲ, ಅದರ ಕೆಳಗಿನ ಅಕ್ಷರ, ಅಕ್ಷರದ ಪಕ್ಕದ ಚುಕ್ಕೆ ಸಹಿತ ಮುಚ್ಚಳದ ಮೇಲಿತ್ತು.

ಓದಲು ಬಾರದವರಿಗೆ ಎಲ್ಲ ಅಕ್ಷರವೂ ಚಿತ್ರವೇ. ಹಾಗಾಗಿ ಕನ್ನಡವೂ ಒಂದೇ, ಮರಾಠಿಯೂ ಒಂದೇ. ಈ ಊರಿನಲ್ಲಿ ಅದೇನು ಸಣ್ಣ ಲಾಭವಲ್ಲ. ನನಗೆ ಮರಾಠಿ ಮಾತು ಬರುತ್ತದೆ, ಬರೆಯಲು ಬಾರದು. ಮರಾಠಿಯಲ್ಲಿ ಹೆಸರು ಬೇಕೆನ್ನುವ ಗಿರಾಕಿಗಳನ್ನು ನಾನು ಎಷ್ಟೋ ವರ್ಷ ಎದುರಿನ ಅಂಗಡಿಗೆ ಬಿಟ್ಟುಕೊಟ್ಟಿದ್ದೆ. ಈಗ ಆ ಗಿರಾಕಿಗಳೇ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು.

ಬಾಯಾರು ಆ ಕೆಲಸಕ್ಕೊಂದು ಪದ್ಧತಿ ಮಾಡಿಕೊಟ್ಟರು. ಚೀಟಿಯನ್ನು ಕಣ್ಣೆದುರಿನ ಕ್ಲಿಪ್ಪಿಗೆ ಸಿಕ್ಕಿಸುವುದು, ಚೀಟಿಯಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೆ ಕೊರೆಯುವುದು, ಮುಗಿದ ಮೇಲೆ ಚೀಟಿಯನ್ನು ಡಬ್ಬಕ್ಕೆ ಹಾಕುವುದು. ಎರಡನೆಯ ತಿಂಗಳಿಗೆ ಬಾಯಾರು ಹೇಳಿದಂತೆ ವಾರಕ್ಕೊಮ್ಮೆ ಮಾತ್ರ ಬರತೊಡಗಿದರು. ಬಂದರೂ ಮಾಡಲು ಏನೂ ಇರುತ್ತಿರಲಿಲ್ಲ.

ಮೂರನೆಯ ತಿಂಗಳ ಕೊನೆಯ ವಾರ. ಶನಿವಾರಕ್ಕೆ ಗಡುವು. ನಾನು ಹೂಂ ಅಂದಿರಲಿಲ್ಲ, ಉಹೂಂ ಅಂದೂ ಇರಲಿಲ್ಲ. ಕೊನೆಯ ಗಳಿಗೆಯವರೆಗೆ ಮಾತನ್ನು ಬಿಟ್ಟುಕೊಡದಿರುವುದು ನನ್ನ ಹಳೆಯ ಚಾಳಿ.

ಸೋಮವಾರ ಬೀಡಿ ಎಂಬ ಊರಿನಿಂದ ಒಬ್ಬ ಗೌಡರು ಬಂದರು. ಮಗಳ ಮದುವೆಗೆ ಬರುವ ಹೆಣ್ಣುಮಕ್ಕಳಿಗೆ ಕೊಡಲು ಇಪ್ಪತ್ತೈದು ದೊಡ್ಡ ಡಬ್ಬಿ ಬೇಕಿತ್ತು. ಬೆಳಿಗ್ಗೆ ಬಂದವರು ಮಧ್ಯಾಹ್ನದವರೆಗೆ ಚೌಕಾಶಿ ಮಾಡಿದರು. ಎರಡು ಸಲ ಎದ್ದು ಹೋದರು, ಎರಡು ಸಲವೂ ನಾನು ಕರೆಯಲಿಲ್ಲ, ತಾವೇ ಬಂದರು. ಕೊನೆಗೆ ಇಬ್ಬರಿಗೂ ಸಮಾಧಾನವಾದಾಗ ಮಗಳು ಅಳಿಯನ ಹೆಸರು, ಮದುವೆಯ ನೆನಪಿಗಾಗಿ ಎಂಬ ಒಂದು ಸಾಲು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ, ಮರೆಯಬಾರದೆಂದು, ಯಾವ ಕಾಗದ ಸಿಕ್ಕರೂ ಅದರಲ್ಲೇ ಗೀಚುವ ಅಭ್ಯಾಸದಿಂದ, ಕೆಳಗೆ ನನಗಾಗಿ ಇನ್ನೊಂದಿಷ್ಟು ಬರೆದುಕೊಂಡೆ.

ಮಂಗಳವಾರ ನಾನು ಮಾಲು ತರಲು ಬೆಳಗಾವಿಗೆ ಹೋದೆ. ಹೋಗುವಾಗ ಆ ಚೀಟಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, "ಇಪ್ಪತ್ತೈದು ಡಬ್ಬಿ" ಎಂದೆ. ಯಜಮಾನರು ಗಲ್ಲಾದ ಮೇಲೆ ಕೂತರು.

ಸಂಜೆ ಬಂದಾಗ ಇಪ್ಪತ್ತೈದೂ ಒರೆಸಿ ಸಾಲಾಗಿ ಇಟ್ಟಿತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಮಗಳ ಹೆಸರು, ಅಳಿಯನ ಹೆಸರು, ಮದುವೆಯ ನೆನಪು. ಅದರ ಕೆಳಗೆ ನನ್ನದೇ ಕೈಬರಹ, ನನ್ನದೇ ಬಾಲ ಎಳೆದ ಅಕ್ಷರ: "ಬೀಡಿಯವರು. ಗುರುವಾರ ಸಂಜೀಕ ಒಯ್ತಾರ. ಭಾಳ ಚೌಕಾಶಿ ಮಾಡ್ತಾರ, ಇನ್ನ ರೊಕ್ಕಾ ಬಿಡಬ್ಯಾಡ."

ಇಪ್ಪತ್ತೈದರ ಮೇಲೂ ಅದೇ. ಸ್ಟೀಲಿನ ಮೇಲೆ ಕೊರೆದದ್ದು ಹೋಗುವುದಿಲ್ಲ. ಉಜ್ಜಿದರೆ ಹೊಳಪು ಹೋಗಿ ಗೀರು ಉಳಿಯುತ್ತದೆ.

ನಾನು ಯಜಮಾನರನ್ನು ನೋಡಿದೆ. "ನಾ ಏನ ಮಾಡ್ಲಿ? ಅಂವ ತಲಿ ಎತ್ತದ ಕೆಲಸ ಮಾಡಾಕತ್ತಿದ್ದ, ನಾ ಪೇಪರ್ ಓದಾಕತ್ತಿದ್ದೆ," ಎಂದರು.

ಯಜಮಾನರನ್ನು ಬಯ್ಯಬೇಕಾದವಳು ಕೆಲಸದವರ ಮೇಲೆ ಹರಿಹಾಯ್ದೆ. "ಇದೇನ ಮಾಡಿಟ್ಟೀರಿ? ಸಾಕ ಮಾಡ್ರಿ, ಹೋಗ್ರಿ ಮನೀಗೆ," ಎಂದೆ. ಧ್ವನಿ ರಸ್ತೆಯವರೆಗೂ ಕೇಳಿಸಿರಬೇಕು. ಅವರು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಜಾಗದಲ್ಲಿಟ್ಟು, ಚೀಲ ತೆಗೆದುಕೊಂಡು, "ಡ್ಯೂಟಿ ಮುಗೀತೇನ್ರಿ ಕಾಕೂ?" ಎಂದು ಕೇಳಿದರು.

"ಮುಗೀತು," ಎಂದೆ.

ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ಬಾಯಾರು ಬಂದರು. ಅಕ್ಕ ಫೋನ್ ಮಾಡಿದ್ದಳಂತೆ. ಬೆಳಗಾವಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಬೇಡಿಕೊಳ್ಳುತ್ತಾರೆ ಎಂದು ನಾನು ಮಾತು ಕಟ್ಟಿಕೊಂಡಿದ್ದೆ. ಅವರು ಬೇಡಿಕೊಳ್ಳಲಿಲ್ಲ. ಚೀಟಿ ಎಲ್ಲಿ ಎಂದರು. ಅದು ಡಬ್ಬದೊಳಗೆ, ಇರಬೇಕಾದಲ್ಲೇ ಇತ್ತು. ಚೀಟಿಯನ್ನೂ ಭಾಂಡೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು.

"ಅಕ್ಕಾರ, ಇದರಾಗ ಯಾವುದು ಗಿರಾಕೀದು, ಯಾವುದು ನಿಮ್ದು ಅಂತ ಅವರಿಗೆ ಹೆಂಗ ತಿಳೀಬೇಕಿತ್ತರಿ?"

ನಾನು ಚೀಟಿಯನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದೆ.

"ಓದಾಕ ಬರೂವಂಥ ಯಾರರ ಇದ್ರ ಕೆಳಗಿಂದು ಬಿಡ್ತಿದ್ರು. ಇವರಿಗೆ ನಾವು ಹೇಳಿದ್ದು ಇದ್ದದ್ದೆಲ್ಲಾ ಅಂತ. ನಾನೂ ಹಂಗ ಹೇಳಿಕೊಟ್ಟೇನಿ. ತಪ್ಪಿನ್ಯಾಗ ಅರ್ಧಾ ನಂದೂ ಐತಿ."

ಅರ್ಧ ಅವರದಾದರೆ ಉಳಿದರ್ಧ ಯಾರದು ಎಂದು ಅವರು ಹೇಳಲಿಲ್ಲ. ಯಜಮಾನರು ಪೇಪರಿನ ಹಿಂದಿನಿಂದ, "ಮುಂದಿನ ಸ್ಟಾಪು ಯಾವುದಂತ ಕಂಡಕ್ಟರ್ ಹೇಳದಿದ್ರ, ಇಳೀದ ಕುಂತವರದೇನ ತಪ್ಪು?" ಎಂದರು.

ವ್ಯಾಪಾರದಲ್ಲಿ ನಾನು ಸೋತದ್ದುಂಟು, ಆದರೆ ಸೋತೆ ಎಂದು ಒಪ್ಪಿದ್ದಿಲ್ಲ. ಮಾಲು ಕೆಟ್ಟಿದ್ದರೆ ಸಗಟಿನವನ ಮೇಲೆ, ಬಿಲ್ಲು ತಪ್ಪಿದ್ದರೆ ಕರೆಂಟಿನ ಮೇಲೆ ಹಾಕಿ ಪಾರಾದವಳು. ಈಗ ಹಾಕಲು ಯಾರೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಯಾರ ಜೊತೆ ನಡೆದೆ.

ಮಲಪ್ರಭೆಯ ಕಡೆಗಿನ ಓಣಿಯಲ್ಲಿ ಎರಡು ಖೋಲಿಯ ಮನೆ. ಅಕ್ಕ ಸಾಲಿಗೆ ಹೊರಟು ನಿಂತಿದ್ದಳು. ಅವರು ಇಸ್ತ್ರಿಯ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿದ್ದರು. ಡಬ್ಬಿಯ ಚೀಲ ಗೂಟಕ್ಕೆ ನೇತು ಹಾಕಿತ್ತು.

"ಮುಂಜಾನೆ ಎದ್ದು ಜಳಕಾ ಮಾಡಿ ಅಂಗಿ ಹಾಕ್ಕೊಂಡ್ರು," ಎಂದಳು ಅಕ್ಕ. "ಡಬ್ಬಿ ಕಟ್ಟಲೇನು ಅಂತ ಕೇಳಿದ್ರ, ಡ್ಯೂಟಿ ಮುಗೀತು ಅಂದ್ರು. ಬೆಳಗಾವಿಗೆ ಹೋಗೂದು ಒಲ್ಲೆ ಅಂತಾರ್ರಿ. ಅಲ್ಲಿ ಡ್ಯೂಟಿ ಇಲ್ಲಂತ."

ನಾನು ಜಗಲಿಯ ತುದಿಗೆ ಕೂತೆ. "ನೋಡ್ರಿ," ಎಂದೆ, "ಚೀಟ್ಯಾಗ ಬರದದ್ದು ನಾನು. ತಪ್ಪು ನಂದು. ನಿಮ್ದಲ್ಲ."

ಅವರು ನೆಲ ನೋಡುತ್ತ, "ಮುಗೀತು ಅಂದ್ರಿ," ಎಂದರು.

"ಅಂದೆ. ಹಂಗ ಅನಬಾರದಿತ್ತು. ನಾಳೆ ಬರ್ರಿ. ಡ್ಯೂಟಿ ಐತಿ."

ತಲೆ ಎತ್ತಿ, "ಚೀಟಿ ಬರೀರಿ," ಎಂದರು.

ಬಾಯಾರು ಕಾಗದ ಕೊಟ್ಟರು. ನಾಳೆ ಡ್ಯೂಟಿ ಐತಿ, ಎಂದು ಬರೆದೆ. ಅಕ್ಕ ಓದಿ ಹೇಳಿದಳು. ಅವರು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅಷ್ಟೇ ಬರೆದದ್ದು ಏಕೆಂದರೆ, ತಪ್ಪು ಒಪ್ಪಿಕೊಂಡ ಗಳಿಗೆಯಲ್ಲೂ ನನ್ನೊಳಗಿನ ವ್ಯಾಪಾರಿ ಎಚ್ಚರಾಗಿದ್ದಳು: ಗೌಡರಿಗೆ ಹೊಸದಾಗಿ ಇಪ್ಪತ್ತೈದು ಬೇಕಲ್ಲ, ಮೊದಲು ಅದಾಗಲಿ. ಶನಿವಾರದ ಮಾತು ಶನಿವಾರಕ್ಕೆ. ನಾಳೆ ಎಂದಷ್ಟೇ ಬರೆದದ್ದನ್ನು ಬಾಯಾರು ನೋಡಿದ್ದರು.

ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವರು ಮೆಟ್ಟಿಲ ಮೇಲಿದ್ದರು. ಹೊಸ ಚೀಟಿಯಲ್ಲಿ ಹೆಸರುಗಳು, ಒಂದು ಸಾಲು, ಮತ್ತೇನಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ ಕ್ಲಿಪ್ಪಿಗೆ ಹಾಕಿದೆ. ಮೂರು ಗಂಟೆಯ ಹೊತ್ತಿಗೆ, ಮಂಗಳವಾರ ತಂದ ಮಾಲಿನಲ್ಲೇ, ಇಪ್ಪತ್ತೈದೂ ಮುಗಿದವು. ಹಳೆಯವನ್ನು ಹಿಂದಿನ ಖೋಲಿಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟಿದ್ದೆ.

ಸಂಜೆ ಗೌಡರು ಬಂದು ಕೂತರು. ಚಹಾ ತರಿಸಿದೆ. "ಬೀಡಿಯವರ ಡಬ್ಬಿ ಎಲ್ಲಾ ತಂದಿಡ್ರಿ," ಎಂದೆ.

ಬುದ್ಧಿ ಬಂದಿದೆ ಎಂದುಕೊಂಡವಳ ಬಾಯಿಂದ ಮತ್ತೆ ಆ ಮಾತು, ಎಲ್ಲಾ. ಅವರು ಹೊಸವನ್ನು ತಂದಿಟ್ಟರು. ಹಿಂದಿನ ಖೋಲಿಗೆ ಹೋದರು. ಗೋಣಿಚೀಲ ಸರಿಸಿದ ಸಪ್ಪಳ ಕೇಳಿದಾಗ ನನಗೆ ಹೊಳೆಯಿತು, ಆದರೆ ಆ ಹೊತ್ತಿಗೆ ಹಳೆಯದೊಂದು ಗೌಡರ ತೊಡೆಯ ಮೇಲಿತ್ತು.

ಗೌಡರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ, ತುಟಿ ಅಲ್ಲಾಡಿಸುತ್ತ. ಯಜಮಾನರು ಪೇಪರು ಮಡಚಿ ಕೆಳಗಿಟ್ಟರು.

"ಇದನ್ನ ಯಾರ ಬರದಾರ?"

"ನಾ ಬರದೇನ್ರಿ," ಎಂದರು ಡಬ್ಬಿ ತಂದವರು, ನೆಟ್ಟಗೆ ನಿಂತು.

"ಹೇಳಿದ್ದು ನಾನ್ರಿ ಗೌಡರ," ಎಂದೆ ನಾನು. "ಅವರು ಕೊಟ್ಟಂಗ ಕೊರದಾರ."

ಗೌಡರು ಆ ಡಬ್ಬಿಯನ್ನು ಇತ್ತ ಅತ್ತ ತಿರುಗಿಸಿದರು. "ಅಕ್ಷರ ಛಲೋ ಅದಾವ," ಎಂದರು. ಆಮೇಲೆ, "ಮೂವತ್ತ ವರ್ಷಾತು, ನಿಮಗ ಯಾಪಾರ ಬರಂಗಿಲ್ಲ, ಎಲ್ಲಾರೂ ನಿಮ್ಮನ್ನ ಬೋಳಸ್ತಾರ ಅಂತಾಳ ನಮ್ಮಾಕಿ. ಇದೊಂದ ನಮ್ಮನಿಗೆ ಬೇಕು. ಆಕಿ ಎದುರ ಇಡ್ತೀನಿ, ದಿನಾ ಓದ್ಲಿ."

"ಒಯ್ರಿ," ಎಂದೆ.

"ಮತ್ತ ಇದಕ್ಕ ನಾ ರೊಕ್ಕಾ ಕೊಡಂಗಿಲ್ಲ, ಮೊದಲ ಹೇಳೇನಿ. ನನ್ನ ಬಗ್ಗೆ ಬರದದ್ದು ನಂದ."

ಇನ್ನ ರೊಕ್ಕಾ ಬಿಡಬ್ಯಾಡ ಎಂದು ಎದುರಿಗೇ ಕೊರೆದಿತ್ತು, ಆದರೂ ಬಿಟ್ಟುಕೊಟ್ಟೆ.

ಗೌಡರ ಗಾಡಿ ಹೋದ ಮೇಲೆ ಅವರು ಕೈ ತೊಳೆದು ಬಂದು ಕಿಸೆಯಿಂದ ನಿನ್ನೆಯ ಚೀಟಿ ತೆಗೆದು ಗಲ್ಲಾದ ಮೇಲೆ ಇಟ್ಟರು. ಬೆವರಿಗೆ ಅದು ಮೆತ್ತಗಾಗಿತ್ತು.

"ಇದು ಮುಗೀತು. ನಾಳೆ?"

"ನಾಳೆ ಐತ್ರಿ."

"ನಾಡದು?"

"ಐತಿ."

"ಆಚಿ ನಾಡದು?"

ಒಂದೊಂದೇ ದಿನ ಇಟ್ಟು ಎದುರಿನವರನ್ನು ದಣಿಸುವುದು ನನ್ನ ವಿದ್ಯೆ. ಅದನ್ನು ನನ್ನ ಮೇಲೆ ಯಾರೂ ಪ್ರಯೋಗಿಸಿರಲಿಲ್ಲ. ಅವರಲ್ಲಿ ಹುನ್ನಾರವಿರಲಿಲ್ಲ, ಉತ್ತರ ಬೇಕಿತ್ತು, ಅಷ್ಟೇ. ಶನಿವಾರದವರೆಗೆ ತಡೆದು ನಾನು ಗಳಿಸುವುದೇನು ಎಂದು ನನ್ನನ್ನೇ ಕೇಳಿಕೊಂಡೆ. ಎದುರಿಗೆ ಸಾಲಾಗಿದ್ದ ಮಾಲನ್ನು ನೋಡಿದೆ, ಒಂದರ ಮೇಲೂ ಬೆರಳ ಗುರುತಿಲ್ಲ. ಖಾಲಿ ಕಾಗದ ತೆಗೆದು, ವಾರದ ಸೂಟಿ ಬಿಟ್ಟು ದಿನಾ ಡ್ಯೂಟಿ ಐತಿ, ಎಂದು ಬರೆದು ಜೋರಾಗಿ ಓದಿದೆ. ಕೆಳಗೆ ಮತ್ತೇನೂ ಬರೆಯಲಿಲ್ಲ.

ಅವರು ಆ ಚೀಟಿಯನ್ನು ಕಿಸೆಗೆ ಹಾಕಲಿಲ್ಲ. ನೇರ ಹೋಗಿ ಕ್ಲಿಪ್ಪಿಗೆ ಸಿಕ್ಕಿಸಿದರು. ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಮುಚ್ಚಳ ಒರೆಸಿ, ಮಷೀನು ಹಚ್ಚಿದರು. ನಾನು ಎದ್ದು ಹೋಗಿ, "ಇದ್ಯಾಕ್ರಿ?" ಎಂದೆ.

"ಕಾಗದ ಹರೀತೈತ್ರಿ ಕಾಕೂ," ಎಂದರು, ತಲೆ ಎತ್ತದೆ.

ಶನಿವಾರ ಬಾಯಾರು ಬಂದಾಗ ನಾನು ಹೇಳುವುದೇನೂ ಉಳಿದಿರಲಿಲ್ಲ, ಕೆಲಸದವರೇ ತಮ್ಮ ಡಬ್ಬಿಯ ಮುಚ್ಚಳ ತೋರಿಸಿದರು. ಹಳೆಯ ಇಪ್ಪತ್ನಾಲ್ಕು ಡಬ್ಬಿಗಳಲ್ಲಿ ಒಂದನ್ನು ಗಲ್ಲಾದ ಪಕ್ಕ ಇಟ್ಟಿದ್ದೇನೆ. ಬಹಳ ಜಗ್ಗಾಡುವ ಗಿರಾಕಿಯ ಕಡೆಗೆ ಅದನ್ನು ಸ್ವಲ್ಪ ತಿರುಗಿಸುತ್ತೇನೆ. ಉಳಿದವುಗಳಲ್ಲಿ ನಮ್ಮ ಮನೆಯ ಬೇಳೆ, ಅವಲಕ್ಕಿ, ಶೇಂಗಾ. ಬಾಯಾರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಮೊದಲ ದಿನದ ಕರಾರಿನ ಪ್ರಕಾರ ಇನ್ನೂ ಭಾಂಡೆ ಒರೆಸುತ್ತಾರೆ, ಆದರೆ ಬಾಯಾರು ಒರೆಸಿದ್ದರಲ್ಲಿ ಬೆರಳ ಗುರುತು ಉಳಿಯುತ್ತದೆಂದು ನಮ್ಮ ಕೆಲಸದವರು ಎತ್ತಿಕೊಂಡು ಮತ್ತೊಮ್ಮೆ ಒರೆಸಿಡುತ್ತಾರೆ.